ಸಾಸಿವೆಯ ಎತ್ತರ

ಸೆಪ್ಟೆಂಬರ್ 4, ಸೋಮವಾರ

ಈ ಪುಸ್ತಕ ತಂದದ್ದು ಬೈಯುವುದಕ್ಕೆ. ಮನೆಯಲ್ಲಿ ಬಾಯಿಬಿಟ್ಟು ಬೈದರೆ ನಮ್ಮ ಯಜಮಾನರು ಸಮಾಧಾನ ಹೇಳಲು ಬರುತ್ತಾರೆ; ಅವರ ಸಮಾಧಾನ ಕೇಳಿದರೆ ನನ್ನ ಸಿಟ್ಟು ಇನ್ನೊಂದು ಮೆಟ್ಟಿಲು ಏರುತ್ತದೆ. ಕೆಳಗೆ ಅಂಗಡಿಯಲ್ಲಂತೂ ಸಾಧ್ಯವೇ ಇಲ್ಲ. ಹೆಂಗಸರ ಕೂದಲು ಕತ್ತರಿಸುವ ಅಂಗಡಿಯಲ್ಲಿ ಆಡಿದ ಮಾತು, ಕೇಳಿಸಿಕೊಂಡವಳ ತಲೆ ಒಣಗುವ ಮೊದಲೇ ಬೀದಿಯ ಆ ತುದಿ ತಲುಪಿರುತ್ತದೆ. ಆದ್ದರಿಂದ ಇಲ್ಲಿ ಬೈಯುತ್ತೇನೆ. ಕಾಗದ ತಿರುಗಿ ಮಾತಾಡುವುದಿಲ್ಲ.

ನನ್ನ ಒಡಹುಟ್ಟಿದವಳು, ಆ ಮಹಾರಾಣಿ, ಇವತ್ತು ಬೆಳಿಗ್ಗೆ ಮಗಳನ್ನು ನಮ್ಮ ಬಾಗಿಲಿಗೆ ತಂದು ಬಿಟ್ಟು ಹೋದಳು. ಕುಡಿತ ಬಿಡಿಸುವ ಕೇಂದ್ರಕ್ಕೆ ಸೇರುತ್ತಾಳಂತೆ. ಹೊಸ ವರ್ಷ ಬರುವವರೆಗೆ ಅಲ್ಲೇ ಇರಬೇಕಂತೆ. ಇಷ್ಟು ವರ್ಷ ಬಾರದ ಬುದ್ಧಿ ಈಗ ಬಂದಿದೆ, ಅದನ್ನು ಸಾಕುವ ಕೆಲಸ ನಮಗೆ ಬಿದ್ದಿದೆ. ನಾಲ್ಕು ವರ್ಷದಿಂದ ನಮ್ಮಿಬ್ಬರ ನಡುವೆ ಮಾತಿರಲಿಲ್ಲ. ಅಮ್ಮ ತೀರಿಕೊಂಡ ದಿನ ಅವಳು ತೂರಾಡುತ್ತ ಬಂದದ್ದನ್ನು ನೋಡಿ ನಾನೇ ಬಾಗಿಲು ಹಾಕಿದ್ದೆ. ಸರಿಯಾಗಿಯೇ ಮಾಡಿದ್ದೆ. ಮಗುವಿನ ಅಪ್ಪ ಅದಕ್ಕೂ ಮೊದಲೇ ಕಾಲುಕಿತ್ತಿದ್ದ. ಈಗ ಅವಳು ಫೋನ್ ಮಾಡಿದಾಗ ನಮ್ಮ ಯಜಮಾನರು ನನ್ನನ್ನೊಂದು ಮಾತೂ ಕೇಳದೆ ‘ಕಳಿಸಮ್ಮ’ ಅಂದುಬಿಟ್ಟಿದ್ದಾರೆ.

ಹುಡುಗಿಗೆ ಏಳು ವರ್ಷ. ನೋಡಿದರೆ ನಾಲ್ಕೂವರೆ ಅನ್ನಬೇಕು. ಯಜಮಾನರು ಲಿಫ್ಟ್ ರಿಪೇರಿಯವರು, ಯಾವುದನ್ನು ಕಂಡರೂ ಮೊದಲು ಅದರ ಎತ್ತರ, ಭಾರ ಅಳೆಯುವುದು ಅವರ ಕಣ್ಣಿನ ರೂಢಿ. ‘ಇದೇನೇ, ಸಾಸಿವೆ ಕಾಳಿನಷ್ಟಿದೆ’ ಅಂದರು. ಸಾಸಿವೆ ಎಂಬ ಹೆಸರು ಅಲ್ಲಿಗೇ ಅಂಟಿಕೊಂಡಿತು. ಅವಳು ಅದಕ್ಕೆ ನಕ್ಕು ಅವರ ಕಾಲನ್ನು ತಬ್ಬಿಕೊಂಡಳು. ಆಮೇಲೆ ನನ್ನ ಕಾಲನ್ನು. ಆಮೇಲೆ ಕಾಗದ ಕೊಡಲು ಬಂದ ಅಂಚೆಯವನ ಕಾಲನ್ನು. ನಾನು ತಿರುಗಿ ನೋಡುವಷ್ಟರಲ್ಲಿ ಅವನ ಚೀಲ ಹಿಡಿದುಕೊಂಡು ಪಕ್ಕದ ಮನೆಯವರೆಗೂ ಹೋಗಿದ್ದಳು.

ನಮಗೆ ಮಕ್ಕಳಿಲ್ಲ. ಇಲ್ಲವಲ್ಲ ಅಂತ ಅಳುವ ಕಾಲವೂ ಮುಗಿದು ಹಾಯಾಗಿದ್ದೆವು.

ಸೆಪ್ಟೆಂಬರ್ 7, ಗುರುವಾರ

ಹಲ್ಲುಜ್ಜು, ಮುಖ ತೊಳಿ, ಶೂ ಹಾಕ್ಕೋ, ಬಂದು ಹಾಲು ಕುಡಿ ಅಂತ ಹೇಳಿ ಕಳಿಸಿದೆ. ಎಷ್ಟು ಹೊತ್ತಾದರೂ ಸುದ್ದಿಯಿಲ್ಲ. ಹೋಗಿ ನೋಡಿದರೆ ಬಚ್ಚಲಿನಲ್ಲಿ ಎರಡೂ ಕೈಗೆ ಶೂ ಹಾಕಿಕೊಂಡು ಗೋಡೆಯ ಮೇಲೆ ನಡೆಸುತ್ತಿದ್ದಾಳೆ. ಹಲ್ಲುಜ್ಜಿದೆಯಾ ಎಂದರೆ ಹೂಂ ಎಂದಳು. ಬ್ರಷ್ ಒಣಗಿತ್ತು. ಮುಖ ನೋಡಿಕೊಂಡೇ ಸುಳ್ಳು.

ಮೊಟ್ಟೆ ಬೇಡ, ಬ್ರೆಡ್ಡಿನ ಅಂಚು ಬೇಡ. ಬಾಳೆಹಣ್ಣಿನಲ್ಲಿ ಕಪ್ಪು ಚುಕ್ಕೆ ಇದ್ದರೆ ಅದು ಮನುಷ್ಯರು ತಿನ್ನುವ ಪದಾರ್ಥವೇ ಅಲ್ಲ. ಗುಬ್ಬಿಯಷ್ಟು ತಿಂದು ದಿನವಿಡೀ ಗಿರಗಿಟ್ಟಲೆಯ ಹಾಗೆ ತಿರುಗುತ್ತಾಳೆ. ಬೆಳೆಯುವುದಾದರೂ ಎಲ್ಲಿಂದ? ಅವಳ ಅಮ್ಮ ಸರಿಯಾಗಿ ಸಾಕಿದ್ದರೆ ತಾನೆ.

ಸೆಪ್ಟೆಂಬರ್ 15, ಶುಕ್ರವಾರ

ಹೊಸ ಶಾಲೆಗೆ ಸೇರಿಸಿ ವಾರ ಕಳೆಯುವ ಮೊದಲೇ ಟೀಚರ್ ಕರೆಸಿದರು. ಟೀಚರು ವಯಸ್ಸಿನಲ್ಲಿ ಚಿಕ್ಕವರು, ಕೂದಲು ಸೊಂಪಾಗಿದೆ, ಆದರೆ ಕಟ್ಟುವ ರೀತಿ ಸರಿಯಿಲ್ಲ. ಅವರು ಹೇಳಿದ್ದು ಇಷ್ಟು: ನಿನ್ನೆ ಸಲೀಸಾಗಿ ಓದಿದ ಪದವನ್ನು ಇವತ್ತು ‘ನೋಡೇ ಇಲ್ಲ’ ಅಂತಾಳೆ. ಸುಮ್ಮನೆ ಕೂರುವುದಿಲ್ಲ. ಬೇರೆ ಮಕ್ಕಳ ರಬ್ಬರು ಇವಳ ಚೀಲದಲ್ಲಿ ಸಿಗುತ್ತದೆ. ಕೇಳಿದರೆ ಅದು ತನ್ನದೇ ಅಂತ ಸಾಧಿಸುತ್ತಾಳೆ. ಸೋಮಾರಿ, ಸುಳ್ಳಿ, ಕೊನೆಗೆ ‘ಕಳ್ಳಿ’ ಅನ್ನುವ ಮಾತೂ ಬಂತು. ಹುಡುಗಿ ಪಕ್ಕದಲ್ಲೇ ನಿಂತು ಅದನ್ನೆಲ್ಲ ಬೇರೆ ಯಾರದೋ ಕಥೆ ಎನ್ನುವಂತೆ ಕೇಳುತ್ತಿದ್ದಳು.

ಮನೆಗೆ ಬಂದು ನಾನು ಚೆನ್ನಾಗಿ ಬೈದೆ. ಅವಳೂ ಹೆಸರಿಗೆ ತಕ್ಕ ಹಾಗೆ ಕಾದ ಎಣ್ಣೆಗೆ ಬಿದ್ದಂತೆ ಸಿಡಿದಳು. ಒಗೆದು ಮಡಿಸಿಟ್ಟ ಟವಲ್ಲುಗಳೆಲ್ಲ ತಲೆ ತೊಳೆಯುವ ತೊಟ್ಟಿಯಲ್ಲಿ ಈಜುತ್ತಿದ್ದವು. ಅರ್ಧ ಗಂಟೆ ಕಳೆದ ಮೇಲೆ ಬಂದು ನನ್ನ ಮಡಿಲಲ್ಲಿ ತಲೆಯಿಟ್ಟು, ‘ದೊಡ್ಡಮ್ಮ, ಟವಲ್ ಯಾಕೆ ಒದ್ದೆ?’ ಅಂತ ಕೇಳಿದಳು. ನಾಟಕ ಅಂದುಕೊಂಡೆ. ಮುಖ ನೋಡಿದರೆ ನಾಟಕದ ಹಾಗಿರಲಿಲ್ಲ.

ಸೆಪ್ಟೆಂಬರ್ 27, ಬುಧವಾರ

ಮಾನ ಹೋಯಿತು. ಶಾಲೆ ಬಿಟ್ಟ ಮೇಲೆ ಸಾಸಿವೆಯನ್ನು ಅಂಗಡಿಯಲ್ಲೇ ಕೂರಿಸಿಕೊಳ್ಳುತ್ತೇನೆ. ಕತ್ತರಿಸಿ ಬಿದ್ದ ಕೂದಲು ಗುಡಿಸುವುದೆಂದರೆ ಅವಳಿಗೆ ಪ್ರಾಣ. ಇವತ್ತು ಬ್ಯಾಂಕಿನ ಮೇಡಂ ಬಂದಿದ್ದರು. ಅವರಿಗೆ ತಿಂಗಳಿಗೊಮ್ಮೆ ನಾನು ಬಣ್ಣ ಹಚ್ಚುವುದು ನಮ್ಮಿಬ್ಬರ ನಡುವಿನ ಗುಟ್ಟು. ಹಿಂದಿನ ಪರದೆಯೊಳಗೆ ಕೂರಿಸಿಯೇ ಹಚ್ಚುತ್ತೇನೆ. ಇವಳು ಪೊರಕೆ ಹಿಡಿದು ಪರದೆ ಸರಿಸಿ, ಅವರ ತೊಡೆ ಹತ್ತಿ ಕೂತು, ತುಂಬ ಪ್ರೀತಿಯಿಂದ, ಮೂರು ಜನ ಗಿರಾಕಿಗಳಿಗೆ ಕೇಳುವಂತೆ ಹೇಳಿದಳು: ‘ಅಜ್ಜಿ, ನಿಮ್ಮ ತಲೆ ಒಳಗಡೆ ಎಲ್ಲಾ ಬೆಳ್ಳಗಿದೆ.’

ಬೆಳ್ಳಗಿದೆ ಅಂದದ್ದಕ್ಕಿಂತ ಅಜ್ಜಿ ಅಂದದ್ದು ಹೆಚ್ಚು ನಾಟಿರಬೇಕು. ಮೇಡಂ ಬಣ್ಣ ಪೂರ್ತಿ ಹಿಡಿಯುವ ಮೊದಲೇ ಎದ್ದು ಹೋದರು. ಯಜಮಾನರಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕರು. ಗಂಡಸರಿಗೆ ವ್ಯಾಪಾರದ ಕಷ್ಟ ಏನು ಗೊತ್ತು?

ಅಕ್ಟೋಬರ್ 8, ಭಾನುವಾರ

ಕೇಂದ್ರಕ್ಕೆ ಹೋಗಿದ್ದೆವು. ನಾನು ಬರುವುದಿಲ್ಲ ಎಂದಿದ್ದೆ. ಬರಲೇಬೇಕಾ ಅಂತ ಕೇಳಿದರೆ ಯಜಮಾನರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ‘ನಿನ್ನಿಷ್ಟ, ಆದರೆ ಬಸ್ಸಿನಲ್ಲಿ ಇವಳನ್ನು ಹಿಡಿಯೋರು ಯಾರು’ ಅಂದರು. ನಿಜವೇ. ಬಸ್ಸಿನಲ್ಲಿ ಅವಳು ಯಾರ ಪಕ್ಕ ಕೂತರೂ ಅವರ ಮನೆಗೇ ಹೊರಟುಬಿಡುತ್ತಾಳೆ.

ಮಹಾರಾಣಿ ಸೊರಗಿದ್ದಾಳೆ. ಕೇಂದ್ರದ ಅಂಗಳದಲ್ಲಿ ಒಂದು ಕುರ್ಚಿ ಹಾಕಿ, ಅಲ್ಲಿನ ಹೆಂಗಸೊಬ್ಬರ ಕೂದಲು ಕತ್ತರಿಸುತ್ತಿದ್ದಳು. ಅವಳು ಈ ಕೆಲಸ ಕಲಿತದ್ದು ನನ್ನ ಹತ್ತಿರವೇ; ಕೈ ನಡುಗಲು ಶುರುವಾದ ಮೇಲೆ ಬಿಟ್ಟಿದ್ದಳು. ನಾನು ದೂರದ ಬೆಂಚಿನ ಮೇಲೆ ಕೂತು ನೋಡಿದೆ. ಬಾಚಣಿಗೆ ಹಿಡಿಯುವ ರೀತಿಯಲ್ಲಿ ತಪ್ಪಿರಲಿಲ್ಲ. ಮಾತಾಡಲಿಲ್ಲ. ಅವಳು ನನಗೆ ಚಹಾ ತಂದುಕೊಟ್ಟಳು. ಸಕ್ಕರೆ ಹಾಕಿರಲಿಲ್ಲ. ನಾನು ಸಕ್ಕರೆ ಬಿಟ್ಟದ್ದು ಅವಳಿಗೆ ಯಾರು ಹೇಳಿದರೋ.

ಅಕ್ಟೋಬರ್ 19, ಗುರುವಾರ

ಇವತ್ತು ಉದ್ದ ಬರೆಯಬೇಕು.

ಶಾಲೆಯಲ್ಲಿ ಎಲ್ಲ ಮಕ್ಕಳ ತೂಕ, ಎತ್ತರ ನೋಡಿದ್ದರು. ಸಾಸಿವೆ ಆ ತರಗತಿಯಲ್ಲಿ ಎಲ್ಲರಿಗಿಂತ ಕೆಳಗಿದ್ದಾಳೆಂದು ಮಕ್ಕಳ ಡಾಕ್ಟರಿಗೆ ತೋರಿಸಲು ಹೇಳಿದರು. ಕರೆದುಕೊಂಡು ಹೋದೆ. ಡಾಕ್ಟರು ವಯಸ್ಸಾದ ಹೆಂಗಸು, ಗಡಿಬಿಡಿಯೇ ಇಲ್ಲ. ಸಾಸಿವೆಯನ್ನು ತೂಗಿದರು, ತಲೆಯ ಸುತ್ತಳತೆ ತೆಗೆದರು, ಅವಳ ಮೂಗಿಗೂ ತುಟಿಗೂ ನಡುವಿನ ಜಾಗವನ್ನು, ಕಣ್ಣುಗಳನ್ನು ಬಹಳ ಹೊತ್ತು ನೋಡಿದರು. ಮೂಗಿನ ಕೆಳಗೊಂದು ಸಣ್ಣ ತಗ್ಗು ಎಲ್ಲರಿಗೂ ಇರುತ್ತದಲ್ಲ, ಇವಳಿಗೆ ಅದು ಇಲ್ಲ, ಸಪಾಟು. ನಾನು ಎಷ್ಟು ಸಲ ಆ ಮುಖ ಒರೆಸಿದ್ದೇನೆ, ಗಮನಿಸಿರಲಿಲ್ಲ.

ಆಮೇಲೆ ಕೇಳಿದರು, ಇವಳು ಹೊಟ್ಟೆಯಲ್ಲಿದ್ದಾಗ ತಾಯಿ ಕುಡಿಯುತ್ತಿದ್ದಳೇ ಅಂತ.

ಇಂಥ ಪ್ರಶ್ನೆಗೇ ನಾನು ಕಾದಿದ್ದೆನೋ ಏನೋ. ಧಾರಾಳವಾಗಿ ಕುಡಿಯುತ್ತಿದ್ದಳು ಎಂದು ಶುರುಮಾಡಿ, ಎಲ್ಲ ಹೇಳಿದೆ. ಡಾಕ್ಟರು ಒಂದೆರಡು ಮಾತು ಅವಳನ್ನು ಬೈಯುತ್ತಾರೆ, ಕೇಳಿಸಿಕೊಂಡು ಹೋಗೋಣ ಅಂತಿದ್ದೆ. ಅವರು ಪೆನ್ನು ಕೆಳಗಿಟ್ಟರು.

‘ಬೈಯೋದಕ್ಕಲ್ಲ ನಾನು ಕೇಳ್ತಿರೋದು. ಯಾವಾಗ, ಎಷ್ಟು ಅಂತ ತಾಯಿ ಬಾಯಿಂದಾನೇ ಬರ್ಬೇಕು. ಆಗ ಇದು ಇಂಥದ್ದು ಅಂತ ನಾನು ಧೈರ್ಯವಾಗಿ ಹೇಳ್ಬಹುದು, ಸ್ಕೂಲಲ್ಲಿ ಮಗುಗೆ ಸಹಾಯ ಸಿಗುತ್ತೆ. ಅವ್ರನ್ನ ಕರ್ಕೊಂಡು ಬನ್ನಿ.’

ಅವರು ವಿವರಿಸಿದ್ದನ್ನು ನೆನಪಿರುವಷ್ಟು ಬರೆದಿಡುತ್ತೇನೆ. ತಾಯಿ ಕುಡಿದದ್ದು ರಕ್ತದಲ್ಲಿ ಸೇರಿ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ದೊಡ್ಡವರ ಮೈ ಅದನ್ನು ಹೇಗೋ ಅರಗಿಸಿಕೊಳ್ಳುತ್ತದೆ, ಮಗುವಿನ ಮೈಗೆ ಆ ಶಕ್ತಿಯಿಲ್ಲ. ಮೈ ಬೆಳೆಯುವುದು ಕುಂಠಿತವಾಗುತ್ತದೆ, ಮಿದುಳೂ ಅಷ್ಟೇ. ಕೆಲವು ಮಕ್ಕಳಿಗೆ ಮುಖದಲ್ಲಿ ಗುರುತು ಕಾಣುತ್ತದೆ, ಹೆಚ್ಚಿನವರಿಗೆ ಕಾಣುವುದೇ ಇಲ್ಲ; ಅಂಥವರನ್ನು ಜನ ಜೀವನಪೂರ್ತಿ ತುಂಟರು, ದಡ್ಡರು ಅಂತಲೇ ಕರೆಯುತ್ತಾರೆ. ನಿನ್ನೆ ಕಲಿತದ್ದು ಇವತ್ತು ಕೈಗೆ ಸಿಗುವುದಿಲ್ಲ, ನಾಳೆ ಮತ್ತೆ ಸಿಗಬಹುದು. ನಾಲ್ಕು ಮಾತು ಒಟ್ಟಿಗೆ ಹೇಳಿದರೆ ಒಂದೋ ಎರಡೋ ಉಳಿಯುತ್ತವೆ. ತನ್ನದು, ಪರರದು, ಗುರುತಿನವರು, ಹೊಸಬರು, ಈ ಗೆರೆಗಳು ಅವರಿಗೆ ಕಾಣುವುದಿಲ್ಲ. ಔಷಧಿ ಕೊಟ್ಟು ಅಳಿಸಿಹಾಕುವ ಕಾಯಿಲೆಯಲ್ಲ. ಆದರೆ ಗೊತ್ತಿದ್ದು ಬೆಳೆಸಿದರೆ ತುಂಬ ವ್ಯತ್ಯಾಸವಾಗುತ್ತದೆ.

ಬಸ್ಸಿನಲ್ಲಿ ಅವಳು ನನ್ನ ಮೇಲೆ ಒರಗಿ ನಿದ್ದೆ ಮಾಡಿದಳು. ಒಣಗಿದ ಬ್ರಷ್ಷು, ಒದ್ದೆ ಟವಲ್ಲು ಎಲ್ಲ ನೆನಪಾಯಿತು. ಕಣ್ಣು ಕಾಣದವರಿಗೆ ‘ನೋಡಿಕೊಂಡು ನಡಿ’ ಅಂತ ದಿನಾ ಬೈದ ಹಾಗಾಯಿತಲ್ಲ ನಾನು ಮಾಡಿದ್ದು.

ಅವಳ ತಾಯಿಯ ಮೇಲಿನ ಸಿಟ್ಟು ಮಾತ್ರ ಹತ್ತು ಪಟ್ಟು ಹೆಚ್ಚಾಗಿದೆ. ಅದನ್ನು ನಾಳೆ ಬರೆಯುತ್ತೇನೆ.

ಅಕ್ಟೋಬರ್ 20, ಶುಕ್ರವಾರ

ಒಂದು ಸಲಕ್ಕೆ ಒಂದೇ ಮಾತು. ಹಲ್ಲುಜ್ಜು. ಉಜ್ಜಿದಳು. ಮುಖ ತೊಳಿ. ತೊಳೆದಳು. ಶೂ ಹಾಕ್ಕೋ. ಕಾಲಿಗೇ ಹಾಕಿಕೊಂಡಳು.

ಹಾಡಿದ್ದೇ ಹಾಡುವುದರಲ್ಲಿ ನನ್ನ ಗಂಟಲು ಬಿತ್ತು. ಆದರೂ ಶಾಲೆಗೆ ತಡವಾಗಲಿಲ್ಲ.

ಅಕ್ಟೋಬರ್ 24, ಮಂಗಳವಾರ

ಗೋಡೆಗೆ ಚಿತ್ರ ಹಾಕಿ ಎಂದು ಡಾಕ್ಟರು ಹೇಳಿದ್ದರು. ನೋಡಿಕೊಂಡು ಅವಳೇ ಮಾಡುತ್ತಾಳಂತೆ. ಯಜಮಾನರು ತಾವೇ ಬರೆಯುತ್ತೇನೆಂದು ಎರಡು ದಿನ ಕೂತರು. ಮನುಷ್ಯ ಜನ್ಮವಿಡೀ ಲಿಫ್ಟಿನ ನಕ್ಷೆ ಬಿಟ್ಟರೆ ಬೇರೇನೂ ಬರೆದವರಲ್ಲ. ಹಲ್ಲುಜ್ಜುವ ಚಿತ್ರದಲ್ಲಿ ಬಾಯಿಯನ್ನು ಅಡ್ಡಕ್ಕೆ ಸೀಳಿ ತೋರಿಸಿದ ನಕ್ಷೆ, ಎರಡು ಬಾಣದ ಗುರುತು, ‘ಮೇಲೆ’, ‘ಕೆಳಗೆ’. ಶೂ ನೋಡಿದರೆ ಮೀನು ಹಿಡಿಯುವ ದೋಣಿ. ಸಾಸಿವೆ ಮಾತ್ರ ಅದರ ಮುಂದೆ ನಿಂತು ಬಹಳ ಗೌರವದಿಂದ, ‘ದೊಡ್ಡಪ್ಪ, ಈ ದೋಣಿ ಹಲ್ಲುಜ್ಜಿದ ಮೇಲೆ ಬರುತ್ತಾ?’ ಅಂತ ಕೇಳಿದಳು. ಈಗ ನಮ್ಮ ಮನೆಯಲ್ಲಿ ಶೂ ಅಂದರೆ ದೋಣಿಯೇ. ನಾನೂ ಬೆಳಿಗ್ಗೆ ‘ನನ್ನ ದೋಣಿ ಎಲ್ಲಿ’ ಅಂದೆ.

ನವೆಂಬರ್ 2, ಗುರುವಾರ

ಬ್ಯಾಂಕಿನ ಮೇಡಂ ವಾಪಸ್ಸು ಬಂದರು. ಬಣ್ಣ ಬೇಡವಂತೆ. ಇರುವ ಹಾಗೇ ಬಿಟ್ಟು ಗಿಡ್ಡ ಮಾಡಿಸಿಕೊಂಡರೆ ಹೇಗೆ ಅಂತ ಕೇಳಿದರು. ಕತ್ತರಿಸಿದೆ. ಎಷ್ಟು ಚೆನ್ನಾಗಿ ಕಾಣುತ್ತಾರೆಂದರೆ, ಇಷ್ಟು ವರ್ಷ ಅವರಿಗೆ ಬಣ್ಣ ಹಚ್ಚಿದ್ದಕ್ಕೆ ನನಗೇ ಬೇಜಾರಾಯಿತು. ಹೋಗುವಾಗ ‘ಎಲ್ಲಿ ನಿಮ್ಮ ಚಿಕ್ಕ ಮೇಸ್ತ್ರಿ’ ಅಂತ ವಿಚಾರಿಸಿದರು. ಚಿಕ್ಕ ಮೇಸ್ತ್ರಿ ಪೊರಕೆಯ ಮೇಲೆ ಗಲ್ಲ ಊರಿ ಎದುರಿಗೇ ನಿಂತಿದ್ದಳು.

ಮಧ್ಯಾಹ್ನ ಒಬ್ಬ ಬಸುರಿ ಬಂದಿದ್ದಳು, ಮೊದಲ ಸಲ. ಸಂಜೆ ಒಂದೇ ಒಂದು ಲೋಟ ವೈನ್ ಕುಡಿದರೆ ನಿದ್ದೆ ಚೆನ್ನಾಗಿ ಬರುತ್ತದೆ, ಅತ್ತೆಯೇ ಕೊಡುತ್ತಾರೆ, ಅಷ್ಟರಿಂದ ಏನಾಗುತ್ತದೆ ಅಂತ ಸುಮ್ಮನೆ ಹೇಳುತ್ತಿದ್ದಳು. ನಾನು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡೆ. ಇಷ್ಟು ಕುಡಿದರೆ ತೊಂದರೆಯಿಲ್ಲ ಅನ್ನುವ ಅಳತೆ ಇದರಲ್ಲಿ ಇಲ್ಲವಂತೆ, ಇಂಥ ತಿಂಗಳಲ್ಲಿ ಪರವಾಗಿಲ್ಲ ಅನ್ನುವುದೂ ಇಲ್ಲವಂತೆ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಬಿಡಬೇಕೆನ್ನಿಸಿದರೆ ಯಾವತ್ತು ಬಿಟ್ಟರೂ ಒಳ್ಳೆಯದೇ, ಕಷ್ಟವಾದರೆ ಡಾಕ್ಟರ ಹತ್ತಿರ ಹೇಳಿಕೊಳ್ಳಲು ನಾಚಿಕೆ ಬೇಡ ಎಂದೆ. ಅವಳು ಗಾಬರಿಯಾಗಿ ನನ್ನ ಕೈಯಲ್ಲಿದ್ದ ಕತ್ತರಿಯನ್ನೇ ನೋಡುತ್ತಿದ್ದಳು. ಅತ್ತೆಯನ್ನೂ ಒಂದು ದಿನ ತಲೆ ತೊಳೆಸಲು ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದ್ದೇನೆ.

ಓದುವುದು ಮತ್ತೆ ಹಿಂದಕ್ಕೆ ಹೋಗಿದೆ. ಕಳೆದ ವಾರ ಓದಿದ ಪುಟ ಇವತ್ತು ಅವಳಿಗೆ ಹೊಚ್ಚಹೊಸದು. ‘ಈ ಕಥೆ ಚೆನ್ನಾಗಿದೆ ದೊಡ್ಡಮ್ಮ’ ಅಂದಳು. ಆರನೇ ಸಲವೂ ಅಷ್ಟೇ ಖುಷಿಯಿಂದ ನಗುವವಳ ಜೊತೆ ಓದುವುದಕ್ಕೆ ನನಗೇನು ಕಷ್ಟ?

ನವೆಂಬರ್ 12, ಭಾನುವಾರ

ಯಜಮಾನರ ಜೊತೆ ಜಗಳ. ಸಾಸಿವೆಯನ್ನು ನಾವೇ ಇಟ್ಟುಕೊಳ್ಳೋಣ ಎಂದೆ. ಇಲ್ಲಿ ಅವಳಿಗೆ ಒಂದು ಹೊತ್ತು ಗೊತ್ತು ಅಂತ ಬಂದಿದೆ, ಅಂಗಡಿಯಿದೆ, ಡಾಕ್ಟರಿದ್ದಾರೆ. ಅಲ್ಲಿ ಹೋದರೆ ಏನಿದೆ? ಅವರು ‘ತಾಯಿ ಇದ್ದಾಳಲ್ಲ’ ಅಂದರು. ತಾಯಿಯಾದವಳು ಮಾಡುವ ಕೆಲಸವಾ ಇದು ಅಂತ ನಾನು ರೇಗಿದೆ. ‘ಮಾಡಿದ್ದು ಅವಳು. ಈಗ ಸರಿಮಾಡ್ಕೋಬೇಕು ಅಂತ ಹೊರಟಿರೋಳೂ ಅವಳೇ. ನೀನು ಮಾಡಿದೋಳನ್ನ ಮಾತ್ರ ನೋಡ್ತೀಯ’ ಅಂದರು. ಸಾಮಾನ್ಯವಾಗಿ ಇಷ್ಟುದ್ದ ಮಾತಾಡುವವರಲ್ಲ.

ಇರಲಿ. ಡಾಕ್ಟರ ಮುಂದೆ ಅವಳು ಎಲ್ಲವನ್ನೂ ಒಪ್ಪಿಕೊಳ್ಳಬೇಕಲ್ಲ. ಆಗ ನಾನು ಈ ವಿಷಯ ಎತ್ತುತ್ತೇನೆ. ಡಾಕ್ಟರು ನನ್ನ ಕಡೆಯೇ ನಿಲ್ಲುತ್ತಾರೆ. ಅಷ್ಟಕ್ಕೂ ಅವಳು ಒಪ್ಪಿಕೊಳ್ಳುವ ಗಂಡೆದೆಯವಳಲ್ಲ. ಚಿಕ್ಕಂದಿನಲ್ಲಿ ಹಾಲಿನ ಪಾತ್ರೆ ಉರುಳಿಸಿ ಬೆಕ್ಕಿನ ಮೇಲೆ ಹೇಳುತ್ತಿದ್ದವಳು. ನಮ್ಮ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ನವೆಂಬರ್ 28, ಮಂಗಳವಾರ

ಕೇಂದ್ರದವರು ಅವಳನ್ನು ಒಂದು ದಿನದ ಮಟ್ಟಿಗೆ ಕಳಿಸಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದಳು, ಇಸ್ತ್ರಿ ಮಾಡಿದ ಬಟ್ಟೆ, ಬಿಗಿಯಾಗಿ ಕಟ್ಟಿದ ಕೂದಲು. ಸಾಸಿವೆಯನ್ನು ಆಟದ ಸಾಮಾನಿನ ಮೂಲೆಯಲ್ಲಿ ನರ್ಸ್ ಹತ್ತಿರ ಬಿಟ್ಟು ನಾವಿಬ್ಬರೂ ಒಳಗೆ ಹೋದೆವು. ಡಾಕ್ಟರು ಕೇಳಿ ಮುಗಿಸುವ ಮೊದಲೇ ಅವಳು ಹೇಳಿದಳು.

‘ಕುಡೀತಿದ್ದೆ. ಬಸುರಿ ಅಂತ ಗೊತ್ತಾಗೋಕೆ ಮುಂಚೆ ದಿನಾ. ಗೊತ್ತಾದ್ಮೇಲೂ ಬಿಡ್ಲಿಲ್ಲ. ಕಮ್ಮಿ ಮಾಡಿದೀನಿ ಅಂತ ನನಗೆ ನಾನೇ ಹೇಳ್ಕೊಳ್ತಿದ್ದೆ. ಕಮ್ಮಿ ಆಗಿರ್ಲಿಲ್ಲ.’

ಈ ಮಾತು ಅವಳ ಬಾಯಿಂದ ಬರಬೇಕು ಅಂತ ನಾನು ಎಷ್ಟು ಕಾಲದಿಂದ ಕಾದಿದ್ದೆ. ಬಂದಾಗ ಹೊಟ್ಟೆ ತಣ್ಣಗಾಗಬೇಕಿತ್ತು. ಡಾಕ್ಟರು ಯಾವ ತಿಂಗಳು, ಯಾವ ಕುಡಿತ, ಎಷ್ಟು ಅಂತ ಒಂದೊಂದಾಗಿ ಕೇಳುತ್ತ ಹೋದರು. ಅವಳು ಒಂದನ್ನೂ ಬಿಡದೆ, ಯಾರ ಮೇಲೂ ಹಾಕದೆ ಹೇಳುತ್ತ ಹೋದಳು. ಮುಗಿಯುವ ಹೊತ್ತಿಗೆ ಅವಳ ಕೈ ನನ್ನ ಕೈಯಲ್ಲಿತ್ತು. ಮಂಜುಗಡ್ಡೆಯ ಹಾಗೆ ತಣ್ಣಗಿತ್ತು, ಬಿಸಿಯಾಗಲಿ ಅಂತ ಹಿಡಿದುಕೊಂಡಿರಬೇಕು.

ಕಿವಿ, ಕಣ್ಣು ಎಲ್ಲ ಪರೀಕ್ಷೆ ಮಾಡಿಸಿದ್ದರ ವರದಿಯೂ ಬಂದಿತ್ತು. ಇದು ಆ ಕುಡಿತದಿಂದ ಬಂದದ್ದೇ ಅಂತ ಡಾಕ್ಟರು ಹೇಳಿದರು. ಅವಳು ಒಂದೇ ಪ್ರಶ್ನೆ ಕೇಳಿದ್ದು, ‘ಬೆಳೀತಾಳಾ?’

‘ಬೆಳೀತಾಳೆ. ಅವಳ ಅಳತೇಲಿ ಬೆಳೀತಾಳೆ’ ಅಂದರು ಡಾಕ್ಟರು.

ಹೊರಗೆ ಮೆಟ್ಟಿಲ ಮೇಲೆ ಮೂವರೂ ಕೂತೆವು. ಸಾಸಿವೆಗೆ ನರ್ಸ್ ಬಿಸ್ಕತ್ತು ಕೊಟ್ಟಿದ್ದರು. ಮಗುವಿಗೆ ತಾನೇ ಹೇಳಬೇಕು ಅಂತ ತಂಗಿ ಮೊದಲೇ ತೀರ್ಮಾನಿಸಿಕೊಂಡು ಬಂದಿದ್ದಳು. ಈಗ ಯಾಕೆ, ದೊಡ್ಡವಳಾಗಲಿ ಅಂತ ಕಣ್ಣಲ್ಲೇ ಸನ್ನೆ ಮಾಡಿದೆ, ಕೇಳಲಿಲ್ಲ.

‘ನೀನು ನನ್ನ ಹೊಟ್ಟೇಲಿದ್ದಾಗ ನಾನು ಕುಡೀಬಾರದ್ದು ಕುಡಿದೆ. ಅದು ನಿನಗೂ ಬಂತು. ಅದಕ್ಕೇ ನಿನಗೆ ನೆನಪಿಟ್ಕೊಳ್ಳೋದು ಕಷ್ಟ, ಅದಕ್ಕೇ ನೀನು ಚಿಕ್ಕೋಳು. ತಪ್ಪು ನಂದು. ನಿಂದಲ್ಲ.’

ಸಾಸಿವೆ ಬಿಸ್ಕತ್ತು ಕಚ್ಚುವುದನ್ನು ನಿಲ್ಲಿಸಿದಳು.

‘ಹಾಗಾದ್ರೆ ನಾನು ಕಳ್ಳಿ ಅಲ್ವಾ?’

‘ಅಲ್ಲ.’

‘ಟೀಚರ್‌ಗೆ ಹೇಳ್ತೀಯಾ?’

‘ಹೇಳ್ತೀನಿ.’

ಮತ್ತೆ ಕೇಳಿದಳು, ‘ಕುಡೀಬಾರ್ದು ಅಂತ ನಿಂಗೆ ಗೊತ್ತಿರ್ಲಿಲ್ವಾ?’

‘ಗೊತ್ತಿತ್ತು. ಬಿಡೋಕೆ ಆಗ್ಲಿಲ್ಲ.’

‘ನಂಗೂ ಹಾಗೇ’ ಅಂದಳು ಸಾಸಿವೆ. ‘ಸುಮ್ನೆ ಕೂತ್ಕೋ ಅಂತಾರೆ. ಗೊತ್ತಿರುತ್ತೆ. ಆಗಲ್ಲ.’

ಆಮೇಲೆ ಬಿಸ್ಕತ್ತನ್ನು ಮುರಿದು ಅಮ್ಮನಿಗೆ ಅರ್ಧ ಕೊಟ್ಟಳು. ನನಗೆ ಕೊಡಲಿಲ್ಲ.

ನವೆಂಬರ್ 29, ಬುಧವಾರ

ಮಗುವನ್ನು ಇಟ್ಟುಕೊಳ್ಳುವ ವಿಷಯ ಡಾಕ್ಟರ ಹತ್ತಿರ ಎತ್ತಿದೆಯಾ ಅಂತ ಯಜಮಾನರು ಕೇಳಿದರು. ಯಾವ ವಿಷಯ ಎಂದೆ. ನಿಜವಾಗಿಯೂ ಮರೆತಿದ್ದೆ. ಮನೆಯಲ್ಲಿ ಒಬ್ಬಳು ಮರೆಯುವವಳಿದ್ದರೆ ಎಲ್ಲರಿಗೂ ಅಂಟುತ್ತದೇನೋ.

ಡಿಸೆಂಬರ್ 9, ಶನಿವಾರ

ತಂಗಿ ಹೇಳಿದಂತೆಯೇ ಟೀಚರಿಗೆ ಫೋನ್ ಮಾಡಿ ಮಾತಾಡಿದ್ದಳು. ಡಾಕ್ಟರೂ ಮಾತಾಡಿದ್ದರಂತೆ. ಇವತ್ತು ಟೀಚರ್ ಕೂದಲು ಕತ್ತರಿಸಿಕೊಳ್ಳುವ ನೆಪದಲ್ಲಿ ಅಂಗಡಿಗೆ ಬಂದರು. ತಲೆ ತೊಳೆಯಲು ಒರಗಿಸಿದಾಗ, ಮುಖ ಛಾವಣಿಯ ಕಡೆ ಇದ್ದ ಧೈರ್ಯದಲ್ಲಿ, ಇಂಥದ್ದೊಂದು ಇದೆಯೆಂದೇ ತನಗೆ ಗೊತ್ತಿರಲಿಲ್ಲ, ಆ ಮಾತು ಆಡಬಾರದಿತ್ತು ಅಂದರು. ನನಗೂ ಗೊತ್ತಿರಲಿಲ್ಲ ಎಂದೆ. ನಾನಂತೂ ಮನೆಯಲ್ಲಿ ಅದಕ್ಕಿಂತ ಹೆಚ್ಚು ಬೈದಿದ್ದೆ.

ಈಗ ಅವಳನ್ನು ಮುಂದಿನ ಸಾಲಿಗೆ ಕೂರಿಸಿದ್ದಾರೆ. ಕಿಟಕಿಯ ಕಡೆ ಬೆನ್ನು. ಪಾಠದ ನಡುವೆ ಕಪ್ಪು ಹಲಗೆ ಒರೆಸುವ ಕೆಲಸ ಇವಳದು, ಕಾಲಿಗೂ ಕೈಗೂ ಏನಾದರೂ ಬೇಕಲ್ಲ. ಎಟುಕುವಷ್ಟು ಮಾತ್ರ ಒರೆಸುತ್ತಾಳೆ. ಆದ್ದರಿಂದ ಮುಖ್ಯವಾದದ್ದನ್ನೆಲ್ಲ ಟೀಚರ್ ಮೇಲಿನ ಅರ್ಧದಲ್ಲಿ ಬರೆಯುತ್ತಾರಂತೆ. ರಬ್ಬರಿನ ವಿಷಯಕ್ಕೆ ಅವರೇ ಉಪಾಯ ಮಾಡಿದ್ದಾರೆ: ಇವಳ ಸಾಮಾನಿಗೆಲ್ಲ ಒಂದೊಂದು ಕೆಂಪು ಚುಕ್ಕೆ. ಚುಕ್ಕೆ ಇಲ್ಲದ್ದು ಪರರದು. ಸಾಸಿವೆ ಮನೆಗೆ ಬಂದು ನನ್ನ ಕೈಗೂ ಯಜಮಾನರ ಹಣೆಗೂ ಕೆಂಪು ಚುಕ್ಕೆ ಇಟ್ಟಳು.

ಟೀಚರ ಕೂದಲನ್ನು ಸರಿಯಾಗಿ ಕಟ್ಟುವುದು ಹೇಗೆ ಅಂತಲೂ ತೋರಿಸಿಕೊಟ್ಟೆ.

ಜನವರಿ 8, ಸೋಮವಾರ

ತಂಗಿ ಶನಿವಾರ ಬಂದಳು. ಸಾಮಾನಿನ ಕೋಣೆ ಖಾಲಿ ಮಾಡಿ ಕೊಟ್ಟಿದ್ದೇವೆ. ಬೇರೆ ಮನೆ ಹುಡುಕುತ್ತೇನೆ ಎಂದಳು. ಹುಡುಕು, ಅವಸರವೇನಿದೆ, ಅಂಗಡಿಯಲ್ಲಿ ತಲೆ ತೊಳೆಯಲು ಒಬ್ಬರು ಬೇಕೇ ಬೇಕು ಎಂದೆ. ಬೇಕಿರುವುದು ಸುಳ್ಳಲ್ಲ.

ಕೇಂದ್ರದವರ ಸಭೆಗೆ ವಾರಕ್ಕೆ ಎರಡು ಸಲ ಹೋಗಬೇಕು. ನಿನ್ನೆ ಹೊರಟವಳು ಬೀದಿಯ ಮೂಲೆಯ ಬಾರಿನ ಮುಂದೆ ಹಾಯಬೇಕಲ್ಲ ಅಂತ ಬಾಗಿಲಲ್ಲೇ ನಿಂತಳು. ಯಜಮಾನರು ಏನೂ ಕೇಳದೆ ಚಪ್ಪಲಿ ಹಾಕಿಕೊಂಡರು. ಅವಳ ಪಕ್ಕದಲ್ಲಿ ಲಿಫ್ಟಿನ ಹಗ್ಗದ ಬಗ್ಗೆ ಮಾತಾಡುತ್ತ ಹೋದರು. ಆ ವಿಷಯ ಶುರುವಾದರೆ ಬಾರಾಗಲಿ ಬೆಟ್ಟವಾಗಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಇವತ್ತು ಡಾಕ್ಟರ ಹತ್ತಿರ ಮತ್ತೆ ತೂಕ, ಎತ್ತರ. ಸ್ವಲ್ಪ ಬೆಳೆದಿದ್ದಾಳೆ. ಬೇರೆ ಮಕ್ಕಳನ್ನು ಹಿಡಿಯುತ್ತಾಳೆ ಎಂದು ಆಸೆ ಇಟ್ಟುಕೊಳ್ಳಬೇಡಿ, ಚಿಕ್ಕವಳಾಗಿಯೇ ಇರುತ್ತಾಳೆ ಅಂತ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ತಂಗಿಯ ಮುಖ ಸಣ್ಣಗಾಯಿತು. ಆಸ್ಪತ್ರೆಯ ಲಿಫ್ಟಿನಲ್ಲಿ ಸಾಸಿವೆ ಬೆರಳ ತುದಿಯ ಮೇಲೆ ನಿಂತು ಎರಡನೇ ಮಹಡಿಯ ಗುಂಡಿ ಒತ್ತಿದಳು. ಹೋದ ಸಲ ಒಂದನೆಯದು ಮಾತ್ರ ಎಟುಕಿತ್ತು. ನಮಗೆ ಹೋಗಬೇಕಾದದ್ದು ಕೆಳಕ್ಕೆ. ಎರಡನೇ ಮಹಡಿಗೆ ಹೋಗಿ ಇಳಿದು, ಒಂದು ಸುತ್ತು ನೋಡಿ, ಮತ್ತೆ ಹತ್ತಿಕೊಂಡು ಬಂದೆವು.

ಜನವರಿ 17, ಬುಧವಾರ

ತಂಗಿಯ ಜೊತೆ ಜಗಳ. ನನ್ನ ಅಗಲ ಹಲ್ಲಿನ ಬಾಚಣಿಗೆಯನ್ನು ಹೇಳದೆ ಕೇಳದೆ ತೆಗೆದುಕೊಂಡು, ತೊಳೆಯದೆ ಇಟ್ಟಿದ್ದಳು. ನಾನೊಂದು ಅಂದೆ, ಅವಳೊಂದು ಅಂದಳು. ನೀನು ಹುಟ್ಟಿದಾಗಿನಿಂದ ಯಜಮಾನಿಕೆ ಮಾಡಿಕೊಂಡೇ ಬಂದಿದ್ದೀಯ ಅಂದಳು. ನೀನು ಹುಟ್ಟಿದಾಗಿನಿಂದ ನಾನು ಅದನ್ನು ಮಾಡಲೇಬೇಕಾದ ಹಾಗೆ ಇಟ್ಟಿದ್ದೀಯ ಎಂದೆ. ಊಟದ ಹೊತ್ತಿಗೆ ಇಬ್ಬರಿಗೂ ಬಾಚಣಿಗೆ ಮರೆತು ಬೇರೆ ಮಾತು ಬಂದಿತ್ತು.

ಜನವರಿ 28, ಭಾನುವಾರ

ಅಂಗಡಿಗೆ ರಜೆ. ಮಧ್ಯಾಹ್ನ ಒಬ್ಬಳೇ ಕೆಳಗಿಳಿದು ಕನ್ನಡಿಯ ಮುಂದೆ ನಿಂತು ನನ್ನ ಕೂದಲು ನೋಡಿಕೊಂಡೆ. ಊರಿನ ತಲೆಗಳನ್ನೆಲ್ಲ ನೋಡುವವಳಿಗೆ ತನ್ನ ತಲೆ ನೋಡಿಕೊಳ್ಳಲು ಪುರುಸೊತ್ತಿಲ್ಲ. ತುದಿಯೆಲ್ಲ ಸೀಳಿ ಪೊರಕೆಯಂತಾಗಿತ್ತು. ಇನ್ನೊಬ್ಬರ ಕೈಗೆ ತಲೆ ಕೊಟ್ಟ ಅಭ್ಯಾಸ ನನಗಿಲ್ಲ. ಯಾವಾಗಲೂ ನಾನೇ ಎರಡು ಕನ್ನಡಿ ಹಿಡಿದು ಹೇಗೋ ಕತ್ತರಿಸಿಕೊಳ್ಳುವುದು.

ತಂಗಿ ಮೆಟ್ಟಿಲಿಳಿದು ಬಂದಳು. ಹಿಂದೆ ಸಾಸಿವೆ.

‘ಕೂತ್ಕೋ. ನೀನೇ ಕತ್ತರಿಸು’ ಅಂತ ಕುರ್ಚಿ ಎಳೆದು, ಕೂರಬೇಕಾದವಳು ನಾನು ಅನ್ನುವುದು ನೆನಪಾಗಿ ನಾನೇ ಕೂತೆ. ಕೇಂದ್ರ ಬಿಟ್ಟ ಮೇಲೆ ಕತ್ತರಿ ಹಿಡಿದಿಲ್ಲ, ಗಿರಾಕಿಗಳ ತಲೆ ತೊಳೆದದ್ದು ಅಷ್ಟೇ ಅಂದಳು. ನಾನೇನು ಗಿರಾಕಿಯಾ ಎಂದೆ.

ನನ್ನ ಕುತ್ತಿಗೆಗೆ ಬಟ್ಟೆ ಸುತ್ತಿದಳು. ಸಾಸಿವೆಗೆ ಒಂದು ಸಲಕ್ಕೆ ಒಂದೊಂದೇ ಮಾತು ಹೇಳುತ್ತಿದ್ದಳು. ನೀರಿನ ಬಾಟಲಿ ಕೊಡು. ಕೊಟ್ಟಳು. ಕ್ಲಿಪ್ ಕೊಡು. ಕೊಟ್ಟಳು. ಕತ್ತರಿ ಕೊಡುವಾಗ ಹಿಡಿಯನ್ನು ಅಮ್ಮನ ಕಡೆ ತಿರುಗಿಸಿ ಕೊಟ್ಟಳು, ಅದನ್ನು ನಾನು ಯಾವತ್ತು ಕಲಿಸಿದೆನೋ. ಮೊದಲ ಕತ್ತರಿ ಬಿದ್ದಾಗ ಕನ್ನಡಿಯಲ್ಲಿ ತಂಗಿಯ ಕೈ ನೋಡಿದೆ. ಸ್ವಲ್ಪ ನಡುಗಿತು. ನಾನು ಕಣ್ಣು ಮುಚ್ಚಿಕೊಂಡೆ. ಹೆದರಿಕೆಯಿಂದಲ್ಲ, ಕಿವಿಯ ಹತ್ತಿರ ಕತ್ತರಿಯ ಸದ್ದು ಕೇಳುತ್ತ ಕೂರುವುದು ಇಷ್ಟು ಹಿತವಾಗಿರುತ್ತದೆ ಅಂತ ಗೊತ್ತಿರಲಿಲ್ಲ. ಗಿರಾಕಿಗಳು ಯಾಕೆ ತೂಕಡಿಸುತ್ತಾರೆಂದು ಈಗ ಗೊತ್ತಾಯಿತು. ನಾನೂ ತೂಕಡಿಸಿದೆನಂತೆ. ಗೊರಕೆ ಹೊಡೆದೆನೆಂದು ಸಾಸಿವೆ ಹೇಳುತ್ತಾಳೆ. ಅವಳ ನೆನಪನ್ನು ಎಲ್ಲ ವಿಷಯದಲ್ಲೂ ನಂಬಬೇಕಾಗಿಲ್ಲ.

ಎದ್ದು ನೋಡಿದರೆ ಎಡಗಡೆ ಬಲಗಡೆಗಿಂತ ಚೂರು ಗಿಡ್ಡ. ಅವಳಿಗೂ ಕಂಡಿತು, ನನಗೂ ಕಂಡಿತು. ಸರಿಮಾಡಲಾ ಎಂದಳು. ಬೇಡ, ಚೆನ್ನಾಗಿದೆ ಎಂದೆ. ಯಜಮಾನರು ಬಂದು ತಲೆ ಓರೆ ಮಾಡಿ, ಕಣ್ಣಳತೆ ಹಾಕಿ, ಬಾಯಿ ತೆರೆಯುವಷ್ಟರಲ್ಲಿ ನನ್ನ ಮುಖ ನೋಡಿ ಮುಚ್ಚಿಕೊಂಡರು.

ನಾಳೆಯಿಂದ ಎರಡನೇ ಕುರ್ಚಿಯಲ್ಲಿ ಅವಳು ಕತ್ತರಿಸಲಿ ಅಂತ ಹೇಳಿದ್ದೇನೆ. ಬರುವವರೆಲ್ಲ ನನ್ನ ತಲೆ ನೋಡಿ ಯಾರು ಕತ್ತರಿಸಿದ್ದು ಅಂತ ಕೇಳಿಯೇ ಕೇಳುತ್ತಾರೆ. ಕೇಳಲಿ. ನನ್ನ ತಂಗಿ ಅಂತ ಹೇಳುತ್ತೇನೆ.